ಧೂಪದ ಮರದ ಬೇರು, ತೊಗರಿಯ ಬೇರು

(ಬೀದರ ಸೀಮೆಯ ಭಾತಂಬ್ರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ತಾಯಿಯ ನೆನಪಿಗೆ ಈ ದತ್ತಿ ಇಟ್ಟವರು ನನ್ನನ್ನು ಕರೆಯುವಾಗ ಹೇಳಿದ್ದು ಒಂದೇ ಮಾತು: "ಸರ್, ಮಣ್ಣಿನ ಬಗ್ಗೆ ಹೇಳ್ರಿ. ಆದ್ರ ನಮ್ಮವ್ವಗ ತಿಳಿಯೋ ಹಂಗ ಹೇಳ್ರಿ." ಆ ತಾಯಿ ಶಾಲೆ ಕಂಡವರಲ್ಲ. ಆದರೆ ಕಳೆ ತೆಗೆಯುತ್ತ, ರಾಶಿ ಮಾಡುತ್ತ ಅರವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವರು. ಅಂಥವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಮಣ್ಣನ್ನೇ ತಂದಿದ್ದೇನೆ. ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿಗಳಿವೆ. ಒಂದರಲ್ಲಿ ನಿನ್ನೆ ಸಂಜೆ ಇಲ್ಲೇ ಊರ ಹೊರಗಿನ ಹೊಲದಲ್ಲಿ ತೊಗರಿ ಸಾಲಿನ ನಡುವಿನಿಂದ ತೆಗೆದ ಎರಿ ಮಣ್ಣಿದೆ. ಇನ್ನೊಂದರಲ್ಲಿ ಕೊಡಗಿನ ಗೆಳೆಯರೊಬ್ಬರ ಕಾಫಿ ತೋಟದಿಂದ ತಂದ ಮಣ್ಣು. ಅವರ ಅಜ್ಜನ ಕಾಲಕ್ಕೂ ಮೊದಲಿನಿಂದ ನಿಂತಿರುವ ಸಾಲುಧೂಪದ ಮರದ ಬುಡದ್ದು. (ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಒಂದು ಹಿಡಿ ಮಣ್ಣನ್ನೂ ತರುವಂತಿಲ್ಲ, ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಿ.)

ಮುಚ್ಚಳ ತೆಗೆದರೆ ಮೊದಲ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ. ನಮ್ಮ ಎರಿ ಮಣ್ಣಿಗೆ ಈಗ ಹೆಚ್ಚು ವಾಸನೆಯಿಲ್ಲ. ಬಿರುಬೇಸಿಗೆಯ ನಂತರ ಮೊದಲ ಮಳೆ ಬಿದ್ದಾಗ ಅದರಿಂದ ಏಳುವ ಘಮ ಬೇರೆ. ಅದನ್ನು ಮಾಡುವುದು ಎಳೆಎಳೆಯಾಗಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ, ಶಿಲೀಂಧ್ರವಲ್ಲ. ಧೂಪದ ಮರದ ಬುಡದ ಮಣ್ಣನ್ನು ಮೂಸಿ ನೋಡಿ. ಹಸಿ ಅಣಬೆ ಮುರಿದಾಗ ಬರುವ ವಾಸನೆ. ಬೆರಳಿನಿಂದ ಮೇಲಿನ ಪದರವನ್ನು ಎತ್ತಿದರೆ ನಾಲ್ಕಾರು ಎಲೆಗಳು ಒಟ್ಟಿಗೇ ಏಳುತ್ತವೆ, ಬಿಡಿಬಿಡಿಯಾಗಿ ಬರುವುದಿಲ್ಲ. ಬೂದಿಬಿಳುಪಿನ ದಾರಗಳು ಒಂದೆಲೆಯನ್ನು ಇನ್ನೊಂದೆಲೆಗೆ ಹೊಲಿದಿವೆ. ಕೌದಿ ಹೊಲಿದವರಿಗೆ ಇದು ಚೆನ್ನಾಗಿ ಕಾಣುತ್ತದೆ, ಟಾಕು ಹಾಕಿದ ಹಾಗೆಯೇ ಇದೆ. ಕಣ್ಣಿಗೆ ಕಾಣುವ ಈ ದಾರ ನೂರಾರು ಎಳೆಗಳ ಹುರಿ. ಒಂದೊಂದೇ ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರನೇ ಭಾಗಕ್ಕಿಂತ ಕಡಿಮೆ. ಇದೇ ಶಿಲೀಂಧ್ರದ ದೇಹ. ಮಳೆಗಾಲದಲ್ಲಿ ತಲೆ ಎತ್ತುವ ಅಣಬೆ ಅದರ ಕಾಯಿ ಮಾತ್ರ. ಗಿಡ ನೆಲದೊಳಗೇ ಇರುತ್ತದೆ.

ಜಗತ್ತಿನಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಶಿಲೀಂಧ್ರ ಜಾತಿಗಳು ಸುಮಾರು 1.5 ಲಕ್ಷ. ನಿಜವಾಗಿ ಇರಬಹುದಾದವು 22 ಲಕ್ಷದಿಂದ 38 ಲಕ್ಷ ಎಂದು 2017ರಲ್ಲಿ ಹಾಕ್ಸ್‌ವರ್ತ್ ಮತ್ತು ಲ್ಯೂಕಿಂಗ್ ಎಂಬ ವಿಜ್ಞಾನಿಗಳು ಅಂದಾಜು ಮಾಡಿದರು. ಅಂದರೆ ನಮಗೆ ಗುರುತಿಲ್ಲದವೇ ಬಹಳ. ಇಷ್ಟೊಂದು ಜಾತಿಗಳಲ್ಲಿ ಈ ಡಬ್ಬಿಯ ಮಣ್ಣಿಗೆ ಇಂಥವೇ ಬಂದು ಸೇರಿದ್ದು ಏಕೆ? ಆ ಡಬ್ಬಿಗೆ ಅಂಥವೇ ಏಕೆ? ಮಳೆಕಾಡಿನ ನೆಲದಲ್ಲಿ ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಇವತ್ತು ನಾನು ಹೇಳಹೊರಟಿರುವುದು ಇದನ್ನೇ. ಭಾತಂಬ್ರಾದಲ್ಲಿ ನಿಂತು ಮಳೆಕಾಡಿನ ಮಾತೇಕೆ ಎಂದು ಕೇಳಬಹುದು. ತಡೆಯಿರಿ, ತೊಗರಿ ಹೊಲಕ್ಕೆ ಬರುತ್ತೇನೆ.

ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದ ಲೆಹೊ ಟೆಡರ್ಸೂ ಮತ್ತು ಹತ್ತಾರು ದೇಶಗಳ ಅವರ ಜೊತೆಗಾರರು ಭೂಮಿಯ 365 ಕಡೆಗಳಿಂದ ಮಣ್ಣು ತಂದರು. ಒಂದೊಂದು ಕಡೆಯೂ 40 ಜಾಗಗಳಲ್ಲಿ ಮಣ್ಣು ತೆಗೆದು ಬೆರೆಸಿದರು. ನಾಲ್ಕು ಹೆಜ್ಜೆ ಸರಿದರೆ ಶಿಲೀಂಧ್ರಗಳ ಊರೇ ಬೇರೆಯಾಗುವುದರಿಂದ ಒಂದೇ ಗುಂಡಿಯನ್ನು ನಂಬುವಂತಿಲ್ಲ. ಆ ಮಣ್ಣಿನಲ್ಲಿದ್ದ ಡಿಎನ್‌ಎ ಓದಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆ ಮತ್ತು ಸಮಭಾಜಕದಿಂದ ಇರುವ ದೂರ ಮೊದಲ ಮಾತು ಹೇಳುತ್ತವೆ. ನಂತರ ಮಣ್ಣಿನ ಗುಣ, ಅದರಲ್ಲೂ ರಸಸಾರ ಮತ್ತು ಸುಣ್ಣದ ಅಂಶ. ಎಲ್ಲರೂ ನಿರೀಕ್ಷಿಸಿದ್ದೇ ಬೇರೆ: ಮರಗಳ ಜಾತಿ ಹೆಚ್ಚಿದಲ್ಲಿ ಶಿಲೀಂಧ್ರಗಳ ಜಾತಿಯೂ ಅದೇ ಲೆಕ್ಕದಲ್ಲಿ ಹೆಚ್ಚಬೇಕು ಎಂದು. ಹಾಗಾಗಲಿಲ್ಲ. ಧ್ರುವದ ಕಡೆಗೆ ಹೋದಂತೆ ಗಿಡಮರಗಳ ಜಾತಿ ಬಲುಬೇಗ ಕುಸಿಯುತ್ತದೆ, ಶಿಲೀಂಧ್ರಗಳದ್ದು ಅಷ್ಟು ಬೇಗ ಕುಸಿಯುವುದಿಲ್ಲ. ಕೆಲವು ಗುಂಪುಗಳಂತೂ ಚಳಿನಾಡಿನಲ್ಲೇ ಹೆಚ್ಚು. ಮೇಲಿನ ಲೋಕವನ್ನು ನೋಡಿ ಕೆಳಗಿನದನ್ನು ಊಹಿಸುವಂತಿಲ್ಲ ಎಂಬುದು ಇದರಿಂದ ಗೊತ್ತಾಯಿತು.

ಈ ಸೀಮೆಯವರಿಗೆ ಅದೊಂದು ಹೊಸ ವಿಷಯವಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಬೋರ್ಡು ಓದಿ ಹೋದವನಿಗೆ ಒಳಗೆ ನಡೆಯುತ್ತಿದ್ದ ಪಾಠ ತಿಳಿಯುತ್ತಿರಲಿಲ್ಲ. ಕಾಡಿನ ನೆಲದ ಪಾಠವೂ ಹಾಗೆ, ಒಳಹೊಕ್ಕು ಕೇಳಬೇಕು.

ಒಳಗೆ ಮೊದಲು ಸಿಗುವುದು ನೀರು. ಶಿಲೀಂಧ್ರಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ತನ್ನ ಪಾಚಕ ರಸವನ್ನು ಹೊರಗೆ ಸುರಿದು, ಅಲ್ಲಿಯೇ ಆಹಾರವನ್ನು ಕರಗಿಸಿ, ಕರಗಿದ್ದನ್ನು ಹೀರುತ್ತದೆ. ಒಣಗಿದ ನೆಲದಲ್ಲಿ ರಸ ಹರಿಯುವುದಿಲ್ಲ. ಬೀದರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 850 ಮಿಲಿಮೀಟರ್ ಮಳೆ. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ 5,000 ದಾಟುತ್ತದೆ. ಆದರೆ ಬರೀ ಮೊತ್ತ ನೋಡಿದರೆ ಸಾಲದು. ಪಶ್ಚಿಮ ಘಟ್ಟದಲ್ಲಿ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ಬಗ್ಗೆ 1988ರಲ್ಲಿ ಬರೆದ ಪುಸ್ತಕದಲ್ಲಿ ಕೇರಳದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಹೆಚ್ಚುವುದನ್ನು, ಅದರಂತೆ ಮರಗಳು ಬದಲಾಗುವುದನ್ನು ವಿವರವಾಗಿ ತೋರಿಸಿದ್ದಾರೆ. ಆ ಒಣ ತಿಂಗಳುಗಳನ್ನು ಬೀಜಕವಾಗಿಯೋ ಗಡ್ಡೆಯಾಗಿಯೋ ದಾಟಬಲ್ಲ ಶಿಲೀಂಧ್ರಕ್ಕೆ ಮಾತ್ರ ಅಲ್ಲಿ ಜಾಗ. ಇಡೀ ವರ್ಷ ಮಳೆ ಬೀಳುವ ಬೋರ್ನಿಯೊದ ಕಾಡಿಗೂ ನಮ್ಮ ಘಟ್ಟದ ಕಾಡಿಗೂ ಇದು ದೊಡ್ಡ ಅಂತರ.

ಎರಡನೆಯದು ಮಣ್ಣಿನ ರುಚಿ. ಬೇಕೆಂದೇ ರುಚಿ ಎಂದೆ. ನಮ್ಮ ಬಿದರಿ ಕಲೆಯ ಕುಶಲಕರ್ಮಿಗಳು ಕೋಟೆಯೊಳಗಿನ ಹಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಸರಿಯಾದ ಮಣ್ಣಾದರೆ ನವಸಾಗರದ ಜೊತೆ ಕುದಿಸಿದಾಗ ಸತುವಿನ ಮೈ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ; ತಪ್ಪಿದರೆ ಕಪ್ಪು ಕೂರುವುದಿಲ್ಲ. ಶಿಲೀಂಧ್ರದ ಆಯ್ಕೆಯೂ ಅಷ್ಟೇ ನಾಜೂಕು. ಘಟ್ಟದ ಕಾಡಿನ ಮಣ್ಣು ಹುಳಿ, ರಸಸಾರ 5ರ ಆಸುಪಾಸು. ಎರಿ ಮಣ್ಣು ಕ್ಷಾರ, 8ರ ಆಸುಪಾಸು, ಅಗೆದರೆ ಸುಣ್ಣದ ಹರಳು ಸಿಗುತ್ತದೆ. ಹುಳಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಶಿಲೀಂಧ್ರಗಳು ತಾಳಿಕೊಳ್ಳುತ್ತವೆ. ಆದ್ದರಿಂದ ಕಾಡಿನಲ್ಲಿ ಕೊಳೆಸುವ ಕೆಲಸದ ದೊಡ್ಡ ಪಾಲು ಇವುಗಳದ್ದೇ. ಬಿದ್ದ ಮರದ ಗಟ್ಟಿ ಭಾಗವಾದ ಲಿಗ್ನಿನ್ ಅನ್ನು ಪೂರ್ತಿಯಾಗಿ ಒಡೆಯಬಲ್ಲವು ಬಹುಮಟ್ಟಿಗೆ ಶಿಲೀಂಧ್ರಗಳು ಮಾತ್ರ. ಅವಿಲ್ಲದಿದ್ದರೆ ಬಿದ್ದ ಮರದ ಮೇಲೆ ಮರ ಬಿದ್ದು ಕಾಡು ತನ್ನದೇ ಕಟ್ಟಿಗೆಯಡಿ ಹೂತುಹೋಗುತ್ತಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಅಷ್ಟು ದಟ್ಟ ಕಾಡು ಬೆಳೆದಿದೆ ಎಂದರೆ ನೆಲ ಬಹಳ ಫಲವತ್ತಾಗಿರಬೇಕು ಎಂದು ನಮಗೆಲ್ಲ ಅನಿಸುತ್ತದೆ. ಹಾಗಲ್ಲ. ಆ ಡಬ್ಬಿಯ ಮಣ್ಣಿಗಿಂತ ಈ ಡಬ್ಬಿಯ ಎರಿ ಮಣ್ಣಿನಲ್ಲಿ ಸಾರ ಹೆಚ್ಚು. ಲಕ್ಷಾಂತರ ವರ್ಷಗಳ ಮಳೆ ಕಾಡಿನ ಮಣ್ಣಿನ ಸುಣ್ಣ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ರಂಜಕವನ್ನು ಅವು ಬಿಗಿಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಉತ್ತರ ಕನ್ನಡದ ಕುಮರಿ ಬೇಸಾಯದವರಿಗೆ ಇದು ಗೊತ್ತಿತ್ತು. ಕಾಡು ಕಡಿದು ಸುಟ್ಟ ಬೂದಿಯಲ್ಲಿ ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಹತ್ತಾರು ವರ್ಷ ಬಿಟ್ಟುಬಿಡುತ್ತಿದ್ದರು. ಕಾಡಿನ ಸಿರಿ ಇರುವುದು ಮರದ ಮೈಯಲ್ಲಿ ಮತ್ತು ಮೇಲಿನ ನಾಲ್ಕು ಬೆರಳಿನಷ್ಟು ದರಗಿನ ಪದರದಲ್ಲಿ. ಎಲೆ ಬಿದ್ದು ಕೊಳೆಯುವುದಕ್ಕೂ ಅದರ ಸಾರ ಮತ್ತೆ ಬೇರು ಸೇರುವುದಕ್ಕೂ ನಡುವೆ ಸೋರಿಹೋಗದಂತೆ ಹಿಡಿದಿಡುವ ಕೈಗಳು ಈ ಎಳೆಗಳು.

ತೊಳೆದ ಮಣ್ಣು ಎಂದೆನಲ್ಲ, ಅದು ನಮ್ಮಲ್ಲೂ ಇದೆ. ಬೀದರ ಕೋಟೆಯ ಮೂರು ಸುತ್ತಿನ ಕಂದಕವನ್ನು ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದಿದ್ದಾರೆ. ಆ ಕಲ್ಲು ಹುಟ್ಟುವುದು ಹೇಗೆ? ಬಿಸಿ ಹವೆಯಲ್ಲಿ ಭಾರಿ ಮಳೆ ಎಷ್ಟೋ ಕಾಲ ಬಂಡೆಯನ್ನು ತೊಳೆದು ತೊಳೆದು ಕಬ್ಬಿಣದ ತುಕ್ಕನ್ನು ಮಾತ್ರ ಉಳಿಸಿದಾಗ. ನಮ್ಮ ಕಪ್ಪು ಕಲ್ಲು ಲಾವಾ ಆಗಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಮೇಲೆ ಭಾರತದ ನೆಲ ಸಮಭಾಜಕವನ್ನು ದಾಟಿ ಉತ್ತರಕ್ಕೆ ಸರಿಯಿತು. ಬೀದರಿನ ಕೆಂಪು ತಲೆ ಆ ಬಿಸಿ ಮಳೆಗಾಲಗಳ ಗುರುತು. ಇವತ್ತು ಟ್ಯಾಂಕರ್ ನೀರಿಗೆ ಕಾಯುವ ಈ ನೆಲದ ಮೇಲೆ ಒಂದು ಕಾಲದಲ್ಲಿ ಘಟ್ಟದಂಥ ಮಳೆ ಸುರಿದಿತ್ತು. ಕೋಟೆಗೆ ಹೋದಾಗಲೆಲ್ಲ ಆ ಕಲ್ಲಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುವುದು ನನಗೆ ರೂಢಿಯಾಗಿದೆ.

ಹೆಚ್ಚುಕಡಿಮೆ ಅದೇ ಯುಗದ ಇನ್ನೊಂದು ಸಾಕ್ಷಿ ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿದೆ. ಅಲ್ಲಿನ ಸುಮಾರು 5.2 ಕೋಟಿ ವರ್ಷ ಹಳೆಯ ಶಿಲಾರಾಳ ಧೂಪದ ಮರದ ವಂಶದ ಮರಗಳಿಂದ ಸುರಿದದ್ದು. ತಡಕೇಶ್ವರ ಗಣಿಯ ರಾಳದ ತುಂಡೊಂದರೊಳಗೆ ಶಿಲೀಂಧ್ರದ ಕವಚ ತೊಟ್ಟ ಬೇರಿನ ತುದಿಗಳು ಹಾಗೇ ಉಳಿದಿದ್ದವು. 2011ರಲ್ಲಿ ಅದರ ವಿವರ ಪ್ರಕಟವಾಯಿತು. ಧೂಪದ ಮರಕ್ಕೂ ಅದರ ಬೇರಿನ ಶಿಲೀಂಧ್ರಕ್ಕೂ ಇರುವ ನಂಟು ಹಿಮಾಲಯ ಪೂರ್ತಿ ಎದ್ದು ನಿಲ್ಲುವ ಮೊದಲಿನದು.

ಆ ನಂಟನ್ನು ಇವತ್ತು ನೋಡಬೇಕಾದರೆ ಉಪ್ಪಂಗಳಕ್ಕೆ ಹೋಗಬೇಕು. ಫ್ರೆಂಚ್ ಸಂಸ್ಥೆಯವರು 1989ರಿಂದ ಅಲ್ಲಿ ಮರಗಳಿಗೆ ಗುರುತು ಹಾಕಿ ಅವುಗಳ ಹುಟ್ಟು, ಬೆಳವಣಿಗೆ, ಸಾವುಗಳ ಲೆಕ್ಕ ಇಟ್ಟಿದ್ದಾರೆ. ಆ ಕಾಡಿನ ದೊಡ್ಡ ಮರಗಳಲ್ಲಿ ಸಾಲುಧೂಪ ಮುಖ್ಯ. ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ ಮತ್ತು ಸಂಗಡಿಗರು ಅಲ್ಲಿ ಈ ವಂಶದ ಮರಗಳ ಬುಡದಲ್ಲಿ ಏಳುವ ಅಣಬೆಗಳನ್ನು ಹುಡುಕಿ 2005ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪಟ್ಟಿ ಕೊಟ್ಟರು. ಮುಂದಿನ ವರ್ಷ ಅವರೂ ಫ್ರೆಂಚ್ ವಿಜ್ಞಾನಿಗಳೂ ಸೇರಿ ರಸುಲಾ ಎಂಬ ಕುಲದ ಅಣಬೆಗಳು ಅದೇ ಕಾಡಿನ ನೆಲದಲ್ಲಿ ಹೇಗೆ ಹಂಚಿಕೊಂಡಿವೆ ಎಂಬುದನ್ನು ಬರೆದರು. ನಾವು ಓದುವಾಗ ಈ ಬಗೆಯ ಬೇರುನಂಟು ಚಳಿನಾಡಿನ ಪೈನ್, ಓಕ್ ಮರಗಳ ಸೊತ್ತು ಎಂದೇ ಪಾಠ ಹೇಳುತ್ತಿದ್ದರು. ನಾನೂ ಹಾಗೆಯೇ ಕಲಿತವನು.

ಕಾಡಿನವರೆಗೆ ಹೋಗಲಾಗದಿದ್ದರೆ ಮುಂಗಾರಿನ ಮೊದಲ ಗುಡುಗಿನ ನಂತರ ಕಾರ್ಕಳ, ಮೂಡುಬಿದಿರೆಯ ಕಡೆ ಸಂತೆಗೆ ಹೋಗಿ. ಬುಟ್ಟಿಯಲ್ಲಿ ಕಲ್ಲಣಬೆ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ತುಳುವಿನಲ್ಲಿ ಕಲ್ಲಲಾಂಬು. ಗೋಲಿಯಿಂದ ಹಿಡಿದು ಸಣ್ಣ ನಿಂಬೆಯ ಗಾತ್ರ, ಮೈತುಂಬ ಕೆಂಪು ಮಣ್ಣು. ಚಾಕುವಿನಿಂದ ಸೀಳಿದರೆ ಒಳಗೆ ಅಚ್ಚ ಬಿಳಿ ತಿರುಳಿರಬೇಕು. ಕಪ್ಪಾಗಿದ್ದರೆ ಬಲಿತಿದೆ ಎಂದರ್ಥ, ಅದನ್ನು ಯಾರೂ ಕೊಳ್ಳುವುದಿಲ್ಲ. ಜಂಬಿಟ್ಟಿಗೆಯ ನೆಲದಲ್ಲಿ, ಮರದ ಬೇರಿನ ಜೊತೆ ಕೊಡುಕೊಳ್ಳುವಿಕೆ ಇದ್ದರೆ ಮಾತ್ರ ಅದು ಹುಟ್ಟುತ್ತದೆ. ಆದ್ದರಿಂದಲೇ ಹಾಲಣಬೆ, ಚಿಪ್ಪಣಬೆಯ ಹಾಗೆ ಹುಲ್ಲಿನ ಚೀಲದಲ್ಲಿ ಅದನ್ನು ಬೆಳೆಯಲಾಗುವುದಿಲ್ಲ. ಮರ ಹೋದರೆ ಕಲ್ಲಣಬೆಯೂ ಹೋಗುತ್ತದೆ.

ಧೂಪದ ವಂಶ ಬಿಟ್ಟರೆ ಘಟ್ಟದ ಕಾಡಿನ ಹೆಚ್ಚಿನ ಮರಗಳದ್ದು ಬೇರೆ ಬಗೆಯ ನಂಟು. ಅಲ್ಲಿ ಶಿಲೀಂಧ್ರ ಬೇರಿನ ಒಳಗೇ ಹೊಕ್ಕು, ಜೀವಕೋಶದೊಳಗೆ ಸಣ್ಣ ಪೊದೆಯಂತೆ ಕವಲೊಡೆಯುತ್ತದೆ. ಅಂಗಡಿಯಲ್ಲಿ ವ್ಯಾಮ್ ಎಂದು ಮಾರುವುದು ಇದನ್ನೇ. ಇದು ಅಣಬೆ ಬಿಡುವುದಿಲ್ಲ. ಗಿಡ ಕೊಡುವ ಸಕ್ಕರೆಯಿಂದಲೇ ಬದುಕುತ್ತದೆ. ಬದಲಿಗೆ ಬೇರು ಮುಟ್ಟಲಾಗದ ಸಂದುಗಳಿಂದ ರಂಜಕವನ್ನು ತಂದುಕೊಡುತ್ತದೆ. ಸ್ಕಾಟ್ಲೆಂಡಿನ 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ, ಬೇರು ಎಂಬುದೇ ಸರಿಯಾಗಿ ಹುಟ್ಟಿರದ ಗಿಡಗಳ ಕಾಂಡದೊಳಗೆ, ಇದರ ಗುರುತು ಸಿಕ್ಕಿದೆ. ನಮ್ಮ ದೇಶದಲ್ಲಿ ಇದರ ಅಧ್ಯಯನ ಬೆಳೆಸಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಅವರ ಹೆಸರು ಮೊದಲ ಸಾಲಿನದು. ತೊಗರಿ, ಜೋಳ, ಹೆಸರು, ಉದ್ದು ಎಲ್ಲವೂ ಈ ನಂಟಿನ ಬೆಳೆಗಳೇ. ತೊಗರಿಗಂತೂ ಇನ್ನೊಂದು ಶಕ್ತಿಯೂ ಇದೆ. ಪಟಾಂಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಜಪಾನಿನ ವಿಜ್ಞಾನಿಗಳೂ ಸೇರಿ ಮಾಡಿದ ಕೆಲಸ 1990ರಲ್ಲಿ ಪ್ರಕಟವಾಯಿತು: ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಬಿಟ್ಟು, ಕಬ್ಬಿಣ ಬಿಗಿಹಿಡಿದ ರಂಜಕವನ್ನೂ ಸಡಿಲಿಸಿಕೊಳ್ಳುತ್ತದೆ. ಕೆಂಪು ಮಸಾರಿ ನೆಲದಲ್ಲಿ ಬೇರೆ ಕಾಳು ಸೋತರೂ ತೊಗರಿ ನಿಲ್ಲುವುದರ ಒಂದು ಗುಟ್ಟು ಇಲ್ಲಿದೆ.

ಇದುವರೆಗೆ ಹೇಳಿದ್ದು ಗೆಳೆತನದ ಮಾತು. ಮಳೆಕಾಡಿನಲ್ಲಿ ಒಂದು ಎಕರೆಗೆ ಹತ್ತಾರು ಜಾತಿಯ ಮರಗಳು ಒಟ್ಟಿಗೆ ಇರುವುದಕ್ಕೆ ಕಾರಣ ಹಗೆತನ ಎಂದು 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಬೇರೆಬೇರೆಯಾಗಿ ವಾದ ಮಂಡಿಸಿದರು. ತಾಯಿಮರದ ಬುಡದಲ್ಲಿ ಬೀಜ ಹೆಚ್ಚು ಬೀಳುತ್ತದೆ. ಆದರೆ ಆ ಜಾತಿಯನ್ನೇ ತಿಂದು ಬದುಕುವ ರೋಗಶಿಲೀಂಧ್ರ, ಹುಳುಗಳೂ ಅಲ್ಲಿಯೇ ನೆಲೆಸಿರುತ್ತವೆ. ತಾಯಿಯ ನೆರಳಲ್ಲೇ ಮರಿ ಸಾಯುತ್ತದೆ. ದೂರ ಹೋಗಿ ಬಿದ್ದದ್ದು, ಬೇರೆ ಮರದ ಬುಡ ಸೇರಿದ್ದು ಬದುಕುತ್ತದೆ. ಹೀಗಾಗಿ ಯಾವ ಜಾತಿಯೂ ಇಡೀ ಕಾಡನ್ನು ಆಕ್ರಮಿಸಲಾಗದು.

ವಾದ ಹುಟ್ಟಿ ನಲವತ್ತು ವರ್ಷಗಳ ನಂತರ ಅದನ್ನು ನೆಲದಲ್ಲಿ ಪರೀಕ್ಷಿಸಿದರು. ಮಧ್ಯ ಅಮೆರಿಕದ ಬೆಲೀಜ್ ದೇಶದ ಚಿಕಿಬುಲ್ ಕಾಡಿನಲ್ಲಿ ರಾಬರ್ಟ್ ಬಾಗ್ಚಿ ಮತ್ತು ಸಂಗಡಿಗರು ಸಣ್ಣ ಸಣ್ಣ ಮಡಿಗಳಿಗೆ ಶಿಲೀಂಧ್ರನಾಶಕ ಹೊಡೆದು ನೋಡಿದರು. ರೋಗ ತಪ್ಪಿಸಿದರೆ ಕಾಡು ಇನ್ನೂ ಸಮೃದ್ಧವಾಗಬೇಕಲ್ಲವೆ? ಸಸಿಗಳ ಜಾತಿ ವೈವಿಧ್ಯ 16 ಪ್ರತಿಶತ ಕಡಿಮೆಯಾಯಿತು. ಇದು 2014ರ ಮಾತು. 2018ರಲ್ಲಿ ಮೇಘನಾ ಕೃಷ್ಣದಾಸ್ ಮತ್ತು ಜೊತೆಗಾರರು ನಮ್ಮ ಪಶ್ಚಿಮ ಘಟ್ಟದ ತುಂಡುಕಾಡಿನಲ್ಲಿ ಇದೇ ಬಗೆಯ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಡಿನ ಅಂಚಿನಿಂದ ಸುಮಾರು ನೂರು ಮೀಟರ್ ಒಳಗೆ ಔಷಧ ಹೊಡೆದಲ್ಲಿ ಸಸಿಗಳ ವೈವಿಧ್ಯ ಇಳಿಯಿತು. ಅಂಚಿನಲ್ಲಿ ಹೊಡೆದಾಗ ಏನೂ ವ್ಯತ್ಯಾಸವಾಗಲಿಲ್ಲ. ಏಕೆಂದರೆ ಅಂಚಿನಲ್ಲಿ ಆ ಶತ್ರುಗಳ ಹಿಡಿತ ಮೊದಲೇ ಸಡಿಲವಾಗಿತ್ತು. ರಸ್ತೆ, ತೋಟ, ತಂತಿಮಾರ್ಗ ಎಂದು ಕಾಡನ್ನು ಸೀಳುತ್ತ ಹೋದರೆ ಅಂಚು ಹೆಚ್ಚುತ್ತದೆ, ಒಳಗಾಡು ಕುಗ್ಗುತ್ತದೆ. ಕಡಿದ ಮರಗಳ ಲೆಕ್ಕ ಕಡತದಲ್ಲಿ ಸಿಗುತ್ತದೆ. ಕಡಿಯದೆ ಉಳಿದ ಜಾಗದಲ್ಲಿ ನೆಲದ ಕೆಳಗೆ ಮುರಿದುಬಿದ್ದ ಈ ವ್ಯವಸ್ಥೆಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದು.

ಧೂಪದ ಮರಕ್ಕೆ ಈ ನಿಯಮ ಅಷ್ಟಾಗಿ ತಾಗಿದಂತೆ ಕಾಣುವುದಿಲ್ಲ. ಅದರ ಸಸಿಗಳು ತಾಯಿಮರದ ಕೆಳಗೇ ಗುಂಪಾಗಿ ಏಳುತ್ತವೆ. ತಾಯಿಯ ಬೇರಿನ ಶಿಲೀಂಧ್ರ ಮರಿಯ ಬೇರಿಗೂ ಕವಚ ತೊಡಿಸುವುದೇ ಇದಕ್ಕೆ ಕಾರಣವಿರಬೇಕು. ಚಳಿನಾಡಿನ ಇದೇ ಬಗೆಯ ಬೇರುನಂಟಿನ ಮರಗಳಲ್ಲಿ ತಾಯಿಮರದ ಮಣ್ಣು ಮರಿಗೆ ಅನುಕೂಲ ಎಂದು 2017ರಲ್ಲಿ ತೋರಿಸಿದ್ದಾರೆ. ಹೀಗೆ ಬೇರಿನ ಬಳಿ ಯಾರಿದ್ದಾರೆ ಎಂಬುದರ ಮೇಲೆ ಒಂದು ಮರ ಗುಂಪಾಗಿ ನಿಲ್ಲಬೇಕೋ ಒಂಟಿಯಾಗಿ ಚದುರಬೇಕೋ ಎಂಬುದು ನಿರ್ಧಾರವಾಗುತ್ತದೆ.

ಈಗ ತೊಗರಿ ಹೊಲಕ್ಕೆ ಬರೋಣ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಎಂಟೆಕರೆಯಲ್ಲಿ ಅಪ್ಪ ನಾಲ್ಕು ವರ್ಷ ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿದರು. ಕೈಯಲ್ಲಿ ಸಾಲವಿತ್ತು, ತೊಗರಿಗೆ ರೇಟಿತ್ತು. ನಾಲ್ಕನೆಯ ವರ್ಷ ಎದೆಯೆತ್ತರ ಬೆಳೆದು ಹಳದಿ ಹೂವು ತುಂಬಿದ ಹೊತ್ತಿಗೆ ಹೊಲದ ನಡುವೆ ಒಂದು ಕಂಬಳಿ ಹಾಸುವಷ್ಟು ಜಾಗ ಒಣಗಿತು. ವಾರ ಕಳೆಯುವುದರಲ್ಲಿ ಅಂಥವು ಏಳೆಂಟಾದವು. ನೀರಿಲ್ಲದೆ ಒಣಗಿದೆಯೆಂದು ನಾನೂ ತಮ್ಮನೂ ಕೊಡದಲ್ಲಿ ನೀರು ಹೊತ್ತು ಹಾಕಿದೆವು. ಅಪ್ಪ ಒಂದು ಗಿಡ ಕಿತ್ತು ಕುಡಗೋಲಿನಿಂದ ಕಾಂಡ ಸೀಳಿದರು. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿತ್ತು. ಒಳಗೆ, ನೀರು ಹತ್ತುವ ದಾರಿಯಲ್ಲಿ, ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೀರುಗಳು. "ನೆಟಿ ಹತ್ಯಾದ" ಎಂದರು ಅಪ್ಪ. ನಮ್ಮ ದೊಡ್ಡಪ್ಪ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ: "ತಮ್ಮಾ, ಮೂರು ವರ್ಷ ಇಲ್ಲಿ ತೊಗರಿ ಹಾಕಬ್ಯಾಡ, ಜ್ವಾಳಾ ಹಾಕು. ಭೂಮಿ ಮರೀತದ."

ಆ ರೋಗದ ಶಿಲೀಂಧ್ರದ ಹೆಸರು ಫ್ಯುಸೇರಿಯಂ ಉಡಮ್. ಬಿಹಾರದ ಪೂಸಾದಲ್ಲಿದ್ದ ವಿಜ್ಞಾನಿ ಇ.ಜೆ. ಬಟ್ಲರ್ 1906ರಲ್ಲಿ ರೋಗವನ್ನು ವಿವರಿಸಿ, 1910ರಲ್ಲಿ ಶಿಲೀಂಧ್ರಕ್ಕೆ ಆ ಹೆಸರಿಟ್ಟರು. ಅದು ಬಹುಪಾಲು ತೊಗರಿಗೇ ಮೀಸಲಾದ ಶತ್ರು. ನೆಲದಲ್ಲುಳಿದ ಕೂಳೆಯಲ್ಲಿ, ಬೇರಿನ ಚೂರಿನಲ್ಲಿ ಸುಮಾರು ಮೂರು ವರ್ಷ ಜೀವ ಹಿಡಿದುಕೊಂಡಿರುತ್ತದೆ. ಜೋಳದ ಜೊತೆ ಬೆಳೆದ ತೊಗರಿಗೆ ನೆಟೆ ಕಡಿಮೆ ಎಂದು ಇಕ್ರಿಸ್ಯಾಟ್‌ನವರು ನಂತರ ಪ್ರಯೋಗ ಮಾಡಿ ಕಂಡುಕೊಂಡರು. ದೊಡ್ಡಪ್ಪನ ಮೂರು ವರ್ಷದ ಲೆಕ್ಕ ಎಲ್ಲಿಂದ ಬಂತು? ಅವರು ಜಾನ್ಜೆನ್ ಹೆಸರು ಕೇಳಿರಲಿಲ್ಲ. ಆದರೆ ಮೇಲೆ ಯಾರು ನಿಂತಿದ್ದರು ಎಂಬುದನ್ನು ಮಣ್ಣು ನೆನಪಿಟ್ಟುಕೊಳ್ಳುತ್ತದೆ, ಆ ನೆನಪನ್ನು ಹೊತ್ತಿರುವುದು ಶಿಲೀಂಧ್ರಗಳು ಎಂಬ ಮಳೆಕಾಡಿನ ಸತ್ಯವನ್ನೇ ಅವರು ಆ ಬದುವಿನ ಮೇಲೆ ಹೇಳಿದರು. ಎಂಟೆಕರೆಯಲ್ಲಿ ತೊಗರಿಯೊಂದನ್ನೇ ನಾಲ್ಕು ವರ್ಷ ಬಿತ್ತಿದ ಹೊಲ ಎಂದರೆ, ಇಡೀ ಹೊಲವೇ ತಾಯಿಮರದ ಬುಡ.

1986ರಲ್ಲಿ ನೆಟೆ ತಡೆಯುವ ಮಾರುತಿ ತಳಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಈ ಸೀಮೆಯ ಎಷ್ಟೋ ಮನೆಗಳನ್ನು ಉಳಿಸಿತು. ಆಮೇಲೆ ಇನ್ನಷ್ಟು ತಳಿ ಬಂದಿವೆ. ಆದರೆ ಬೀಜದ ಮೇಲೆಯೇ ಎಲ್ಲ ಭಾರ ಹಾಕಿ ಜೋಳವನ್ನು ಹೊಲದಿಂದ ಹೊರಗಟ್ಟಿದ್ದು ಸರಿಯಲ್ಲ ಎಂದು ನಾನು ಹೇಳಲೇಬೇಕು. ರೋಗ ತಡೆಯುವ ತಳಿಯನ್ನೇ ವರ್ಷ ವರ್ಷ ಬಿತ್ತಿದರೆ, ಅದನ್ನೂ ಗೆಲ್ಲಬಲ್ಲ ಶಿಲೀಂಧ್ರದ ಬಗೆಗೆ ನಾವೇ ಹಾದಿ ಮಾಡಿಕೊಟ್ಟ ಹಾಗೆ.

ಟ್ರೈಕೋಡರ್ಮಾ ನಿಮಗೆಲ್ಲ ಗೊತ್ತು. ಬೇರೆ ಶಿಲೀಂಧ್ರಗಳ ಎಳೆಗೆ ಬಳ್ಳಿಯಂತೆ ಸುತ್ತಿಕೊಂಡು ಅವನ್ನೇ ತಿನ್ನುವ ಹಸಿರು ಬೂಷ್ಟು. ಕಿಲೊ ಬೀಜಕ್ಕೆ 4 ಗ್ರಾಂ ಉಪಚಾರ ಮಾಡಿ ಎಂದು ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ನಾನೇ ಒಮ್ಮೆ ಮಾಡಿದ ತಪ್ಪು ಕೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಗಡಿಯೊಂದರಿಂದ ಟ್ರೈಕೋಡರ್ಮಾ, ವ್ಯಾಮ್ ಎರಡನ್ನೂ ತಂದು, ತಿಪ್ಪೆಗೊಬ್ಬರ ಹಾಕದೆ, ಮಳೆ ಕೈಕೊಟ್ಟು ಬಿರುಕು ಬಿಟ್ಟ ನೆಲಕ್ಕೆ ಎರಚಿದೆ. ತಿಂಗಳ ನಂತರ ಮಣ್ಣು ಪರೀಕ್ಷಿಸಿದರೆ ಎರಡರ ಸುಳಿವೂ ಇಲ್ಲ. ಚೀಲ ಬಹಳ ದಿನ ಬಿಸಿಲಲ್ಲಿ ಬಿದ್ದಿದ್ದುದೂ ಆಮೇಲೆ ತಿಳಿಯಿತು. ಆ ಎರಡು ಪೊಟ್ಟಣ ನನಗೆ ಕಲಿಸಿದ್ದನ್ನು ಎಷ್ಟೋ ಪುಸ್ತಕಗಳು ಕಲಿಸಿರಲಿಲ್ಲ. ಹೊರಗಿನಿಂದ ಒಂದು ಜೀವಿಯನ್ನು ತಂದು ಸುರಿದ ಮಾತ್ರಕ್ಕೆ ಅದು ಅಲ್ಲಿ ಊರು ಕಟ್ಟುವುದಿಲ್ಲ. ಹಸಿ ಇರಬೇಕು, ತಿನ್ನಲು ಕೊಳೆಯುವ ಕಸ ಇರಬೇಕು, ಮೊದಲೇ ನೆಲೆಸಿರುವವರು ಜಾಗ ಬಿಡಬೇಕು. ಕಾಡಿನಲ್ಲಿ ಇವೆಲ್ಲವನ್ನೂ ಮಳೆ, ದರಗು, ನೂರು ಜಾತಿಯ ಬೇರುಗಳು ಕೂಡಿ ಮಾಡುತ್ತವೆ. ಹೊಲದಲ್ಲಿ ನಾವು ಮಾಡಬೇಕು. ಸೋಯಾದ ಹೊಟ್ಟಿಗೆ ಬೆಂಕಿ ಇಡುವವರು ಆ ಊರಿನ ಅನ್ನಕ್ಕೇ ಬೆಂಕಿ ಇಡುತ್ತಿದ್ದಾರೆ. ಆ ಹೊಟ್ಟು ತಿಪ್ಪೆಗೆ ಹೋಗಲಿ.

ನೆಲದೊಳಗಿನ ಆ ಊರನ್ನು ಹಾಗೇ ಉಳಿಸಿಕೊಂಡವರೂ ಇದ್ದಾರೆ. ಕೊಡಗಿನಲ್ಲಿ ಸುಮಾರು 1,200 ದೇವರಕಾಡುಗಳಿವೆ. ಕೆಲವು ಒಂದೆರಡು ಎಕರೆಯವೂ ಇಲ್ಲ. ಬ್ರೌನ್, ಭಾಗವತ್ ಮತ್ತು ವಾಟ್ಕಿನ್ಸನ್ ಅಲ್ಲಿನ ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟ ಮೂರರಲ್ಲೂ ಅಣಬೆಗಳನ್ನು ಹುಡುಕಿ 2006ರಲ್ಲಿ ಬರೆದರು. ಮೂರರಲ್ಲೂ ಬೇರೆಬೇರೆ ಅಣಬೆ ಕೂಟಗಳಿದ್ದವು. ಒಂದು ಇದ್ದರೆ ಸಾಕು, ಇನ್ನೊಂದು ಹೋಗಲಿ ಎನ್ನುವಂತಿರಲಿಲ್ಲ. ಕೊಡವರು ಅಣಬೆಗೆ ಕುಮ್ಮು ಎನ್ನುತ್ತಾರೆ. ಯಾವ ಕುಮ್ಮು ಯಾವ ಮಳೆಗೆ ಎಲ್ಲಿ ಏಳುತ್ತದೆ ಎಂಬುದು ಅಲ್ಲಿನ ಅಜ್ಜಿಯರಿಗೆ ಬಾಯಿಪಾಠ. ನಮ್ಮ ಭಾಷೆಗೂ ಈ ಲೋಕದ ಪರಿಚಯ ಹೊಸದಲ್ಲ. ಕಾಫಿ ಗಿಡದ ಕಪ್ಪು ಕೊಳೆ ತರುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಲ್ಯಾಟಿನ್ ಹೆಸರಿಡುವಾಗ ನಮ್ಮ ತೋಟದವರ ಮಾತನ್ನೇ ಎತ್ತಿಕೊಂಡು ಪೆಲ್ಲಿಕ್ಯುಲೇರಿಯಾ ಕೊಳೆರೋಗಾ ಎಂದರು. ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿ ಒಂದು ಕನ್ನಡ ಪದ! ಈ ತಿಂಗಳು ರಾಜ್ಯೋತ್ಸವ ಮಾಡಿದ ಮಕ್ಕಳಿಗೆ ಇದನ್ನು ಹೇಳಲೇಬೇಕು ಅನಿಸಿತು.

ನಮ್ಮಲ್ಲಿ ದೇವರಕಾಡು ಇಲ್ಲ. ಹೊಲದ ಬದುವಿನ ಹುತ್ತಗಳಿವೆ. ಒಳ್ಳೆಯ ಮಳೆಯಾಗಿ ಬಿಸಿಲು ಬಿದ್ದ ಬೆಳಿಗ್ಗೆ ಅದರ ಮೈಯಿಂದ ಹುತ್ತದ ಅಣಬೆ ಏಳುತ್ತದೆ. ಗೆದ್ದಲುಗಳು ಒಳಗೆ ಕಟ್ಟಿಗೆ ಪುಡಿ ಜಗಿದು ಮಾಡಿದ ಹುಟ್ಟಿಯ ಮೇಲೆ ಅದನ್ನು ಬೆಳೆಸುತ್ತವೆ. ಘಟ್ಟದ ಕಾಡಿಗೂ ಭಾತಂಬ್ರಾದ ಬದುವಿಗೂ ಸಮಾನವಾಗಿ ಇರುವ ಕೆಲವೇ ಅಣಬೆಗಳಲ್ಲಿ ಅದು ಒಂದು. ಜೆಸಿಬಿ ತಂದು ಬದು ಸಮ ಮಾಡಿಸುವಾಗ ಹುತ್ತದ ಜಾಗ ಒಂದಿಷ್ಟು ಬಿಡಿಸಿ ಎಂದು ಕೇಳಿಕೊಳ್ಳುತ್ತೇನೆ.

ನನ್ನ ಮಾತು ಇಷ್ಟು. ಆ ಕಡೆಯ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇದೆ. ನಿನ್ನೆ ಕಿತ್ತ ತೊಗರಿಯ ಸಣ್ಣ ಬೇರನ್ನು ಕ್ಷಾರದಲ್ಲಿ ಕುದಿಸಿ, ತೊಳೆದು, ಬಣ್ಣ ಹಾಕಿಟ್ಟಿದ್ದೇನೆ. ಬೇರಿನ ಕೋಶಗಳು ಗಾಜಿನ ಇಟ್ಟಿಗೆಗಳಂತೆ ಸಾಲಾಗಿ ಕಾಣುತ್ತವೆ. ಅವುಗಳ ಸಂದಿಯಲ್ಲಿ ನೀಲಿ ದಾರ ಹಾದುಹೋಗಿದೆ, ಅಲ್ಲಲ್ಲಿ ಇಟ್ಟಿಗೆಯೊಳಗೆ ನೀಲಿ ಪೊದೆ. ಪಕ್ಕದ ತಟ್ಟೆಯಲ್ಲಿ ಅದೇ ಮಣ್ಣನ್ನು ಜರಡಿ ಹಿಡಿದಾಗ ಸಿಕ್ಕ ಬೀಜಕಗಳಿವೆ, ಸಾಸಿವೆಯನ್ನು ಹತ್ತು ತುಂಡು ಮಾಡಿದರೆ ಎಷ್ಟಾಗುತ್ತದೋ ಅಷ್ಟು; ಕೆಲವು ಜೇನಿನ ಬಣ್ಣ, ಒಂದೆರಡು ಮುತ್ತಿನ ಹಾಗೆ ಬಿಳಿ. ಹೊಲ ಈ ಊರಿನದೇ, ಇಲ್ಲೇ ಕೂತಿರುವವರೊಬ್ಬರದು. ಸಾಲು ಮಾಡಿ ಬನ್ನಿ. ಮೊದಲು ಮಕ್ಕಳು, ಆಮೇಲೆ ಹೊಲದವರು.